ಆಫೀಸಿನ ಕಂಪ್ಯೂಟರಿನಲ್ಲಿ ನಾನು ಅಳಿಸದೆ ಬಿಟ್ಟ ಸಾಲುಗಳು

ಈ ಬರಹವನ್ನು ಆರಂಭಿಸುವ ಮೊದಲು ಓದುಗರಲ್ಲಿ ಕ್ಷಮೆ ಕೇಳಿಕೊಳ್ಳುತ್ತೇನೆ. ಕಂಪ್ಯೂಟರಿನ ವಿಷಯದಲ್ಲಿ ನಾನು ಬಳಸುವ ಪದಗಳೆಲ್ಲ ಸರಿಯಾದವೇ ಎಂಬ ಭರವಸೆ ನನಗಿಲ್ಲ. ಆ ವಾರ ನಡೆದದ್ದನ್ನು ನಡೆದ ಕ್ರಮದಲ್ಲಿಯೇ ಹೇಳಲು ಪ್ರಯತ್ನಿಸಿದ್ದೇನೆ. ಆದರೂ ನಡುವಿನ ಎರಡು ದಿನಗಳಲ್ಲಿ ಯಾವ ಆಜ್ಞೆಯನ್ನು ಮೊದಲು ಕೊಟ್ಟೆ, ಯಾವುದನ್ನು ಅನಂತರ ಕೊಟ್ಟೆ ಎಂಬುದು ನನ್ನದೇ ನೋಟುಪುಸ್ತಕವನ್ನು ನೋಡಿದರೂ ಸ್ಪಷ್ಟವಾಗುವುದಿಲ್ಲ. ತಿಳಿದವರಿಗೆ ಇದರಲ್ಲಿ ತಪ್ಪುಗಳು ಕಂಡರೆ ಅವು ನನ್ನವು, ನನಗೆ ಹೇಳಿಕೊಟ್ಟವರವಲ್ಲ.

ನನ್ನ ತಂದೆ ಬಿಟ್ಟಂಗಾಲದ ಸಮೀಪದ ಒಂದು ಕಾಫಿ ತೋಟದಲ್ಲಿ ರೈಟರ್. ತೋಟದ ಹಾಜರಿ, ಮಳೆಯ ಅಳತೆ, ಸ್ಟೋರಿನ ಸಾಮಾನು, ಇವನ್ನೆಲ್ಲ ಬರೆದಿಡುವವರನ್ನು ನಮ್ಮ ಕಡೆ ರೈಟರ್ ಎಂದೇ ಕರೆಯುತ್ತಾರೆ. ನಮ್ಮ ಅಜ್ಜಿ ಹಾಸನದ ಕಡೆಯಿಂದ ಕಾಫಿ ಹಣ್ಣು ಕೊಯ್ಯಲು ಬಂದು ಇಲ್ಲಿಯೇ ನಿಂತವರು. ಅಪ್ಪ ಏಳನೆಯ ತರಗತಿಯವರೆಗೆ ಓದಿ, ಮೊದಲು ಆಳಾಗಿ, ಆಮೇಲೆ ಮೇಸ್ತ್ರಿಯಾಗಿ, ಕೊನೆಗೆ ರೈಟರ್ ಆದರು. ರೈಟರ್ ಆದ ಮೇಲೆ ನಾವು ಆಳುಗಳಿಗೆಂದು ಸಾಲಾಗಿ ಕಟ್ಟಿದ ಲೈನ್ ಮನೆಯಿಂದ ಎರಡು ಕೋಣೆಯ ಕ್ವಾರ್ಟರ್ಸಿಗೆ ಬಂದೆವು. ಮನೆಯಲ್ಲಿ ಡಿಗ್ರಿ ಪಡೆದವಳು ನಾನೊಬ್ಬಳೇ. ಗೋಣಿಕೊಪ್ಪಲಿನ ಕಾಲೇಜಿನಲ್ಲಿ ಬಿ.ಕಾಂ. ಮುಗಿಸಿ, ಪರೀಕ್ಷೆಗಳಿಗೆ ಅರ್ಜಿ ಹಾಕುತ್ತಾ ಮನೆಯಲ್ಲಿದ್ದೆ. ಬಿ.ಕಾಂ.ನಲ್ಲಿ ಕಂಪ್ಯೂಟರಿಗೆ ಸಂಬಂಧಿಸಿದ ಒಂದೇ ಒಂದು ಪತ್ರಿಕೆ ಇತ್ತು. ಆದರೆ ಅಪ್ಪ ಎಲ್ಲರಿಗೂ "ನಮ್ ಮಗಳು ಕಂಪ್ಯೂಟರ್ ಓದವ್ಳೆ" ಎಂದೇ ಹೇಳುತ್ತಿದ್ದರು. ಅದನ್ನು ತಿದ್ದುವ ಧೈರ್ಯ ನನಗೆ ಬಂದಿರಲಿಲ್ಲ.

ಕಳೆದ ಎರಡು ವರ್ಷಗಳಿಂದ ಅಪ್ಪನ ಬಲಗೈ ನಡುಗುತ್ತಿತ್ತು. ಗುಳಿಗೆ ನುಂಗುತ್ತಿದ್ದರೂ ನಡುಕ ನಿಲ್ಲಲಿಲ್ಲ. ಮೊದಲು ಸಹಿ ಕೆಟ್ಟಿತು, ಬಳಿಕ ಅಂಕಿಗಳು ಕೆಟ್ಟವು, ಕೊನೆಗೆ ಹೆಸರುಗಳೂ ಕೆಟ್ಟವು. ಒಂದು ಸೋಮವಾರ ಬೆಳಿಗ್ಗೆ ನಾನು ಅಪ್ಪನಿಗೆ ಕಾಫಿ ಕೊಡಲು ತೋಟದ ಆಫೀಸಿಗೆ ಹೋಗಿದ್ದಾಗ ತೋಟದ ಮಾಲೀಕರಾದ ಸಾಹುಕಾರರು ಮಳೆಯ ಪುಸ್ತಕವನ್ನು ಕಿಟಕಿಯ ಬೆಳಕಿಗೆ ಹಿಡಿದುಕೊಂಡು ನಿಂತಿದ್ದರು.

"ಅಲ್ಲ ರೈಟ್ರೇ, ಇದು ಒಂದಾ ಏಳಾ? ನಾನು ಕನ್ನಡಕ ಬದಲಿಸೋದಾ, ನೀವು ಕೈ ಬದಲಿಸೋದಾ?"

ಅಪ್ಪ ನಕ್ಕರು. ಪಕ್ಕದಲ್ಲಿದ್ದ ಮೇಸ್ತ್ರಿಯೂ ನಕ್ಕ. ಸಾಹುಕಾರರು ಮಾತ್ರ ನಗಲಿಲ್ಲ. ಅವರು ಒರಟರಲ್ಲ, ಅಪ್ಪನನ್ನು ಒಂದು ದಿನವೂ ಏಕವಚನದಲ್ಲಿ ಕರೆದವರಲ್ಲ. ಪುಸ್ತಕವನ್ನು ಮೇಜಿನ ಮೇಲಿಟ್ಟು ನಿಧಾನವಾಗಿ ಹೇಳಿದರು.

"ಬರೋ ಸೋಮವಾರ ಹಣ್ಣಿನ ಪಿಕ್ಕಿಂಗ್ ಶುರು. ಹಾಜರಿ ಗೋಡೆಗೆ ಅಂಟಿಸ್ಬೇಕು, ಜನ ಅವರವರ ಹೆಸರು ನೋಡ್ಕೊಳ್ಬೇಕು. ಈ ಅಕ್ಷರದಲ್ಲಿ ಯಾರಿಗೂ ಎಂತದೂ ಕಾಣೋದಿಲ್ಲ. ಕಂಪ್ಯೂಟರ್ ಉಂಟಲ್ಲ ಒಳಗೆ? ಅದ್ರಲ್ಲಿ ಕನ್ನಡದಲ್ಲೇ ಮಾಡಿ ಪ್ರಿಂಟ್ ಕೊಟ್ರೆ ನೀವೇ ಇರಿ, ನಂಗೆ ಬೇರೆಯವರು ಬೇಡ. ಆಗದಿದ್ರೆ ವಿರಾಜಪೇಟೆಯಿಂದ ಒಬ್ಬರನ್ನ ಕರೀಬೇಕಾಗ್ತದೆ. ಆವಾಗ ಕ್ವಾರ್ಟರ್ಸ್ ಅವರಿಗೆ ಕೊಡಬೇಕು. ನಿಮಗೆ ಗೇಟಿನ ಹತ್ತಿರ ಕೆಲಸ ಉಂಟು, ಇಲ್ಲ ಅಂತಲ್ಲ."

ಅಪ್ಪ "ಆಯ್ತು ಸಾಹುಕಾರ್ರೇ, ಮಗಳಿದಾಳೆ" ಎಂದರು. ನಾನು ಕಾಫಿಯ ಲೋಟವನ್ನು ಎಲ್ಲಿಡಬೇಕೆಂದು ತಿಳಿಯದೆ ಕೈಯಲ್ಲೇ ಹಿಡಿದುಕೊಂಡು ನಿಂತಿದ್ದೆ.

ಆ ಕಂಪ್ಯೂಟರು ಸಾಹುಕಾರರ ಅಕ್ಕನ ಮಗ ಬಿಟ್ಟುಹೋದದ್ದು. ಹಳೆಯದಾದ್ದರಿಂದ ಅದಕ್ಕೆ ಲಿನಕ್ಸ್ ಹಾಕಿ, ಪಾಸ್‌ವರ್ಡನ್ನು ಒಂದು ಚೀಟಿಯಲ್ಲಿ ಬರೆದು ಪರದೆಗೆ ಅಂಟಿಸಿ ಹೋಗಿದ್ದರು. ಮಂಗಳವಾರ ಅದನ್ನು ತೆರೆದೆ. ಲೆಕ್ಕದ ಹಾಳೆಯ ತಂತ್ರಾಂಶ ಇತ್ತು, ಇಂಗ್ಲಿಷಿನಲ್ಲಿ ಬರೆದರೆ ಪ್ರಿಂಟರೂ ಕೆಲಸ ಮಾಡುತ್ತಿತ್ತು. ನನ್ನ ಫೋನಿನಲ್ಲಿ ಆಳುಗಳ ಹೆಸರನ್ನು ಕನ್ನಡದಲ್ಲಿ ಬರೆದು ಅದಕ್ಕೆ ಕಳುಹಿಸಿದಾಗ ಮಾತ್ರ ಪರದೆಯ ಮೇಲೆ ಅಕ್ಷರಗಳಿಗೆ ಬದಲಾಗಿ ಸಾಲುಸಾಲು ಚೌಕಗಳು ಮೂಡಿದವು. ಅಪ್ಪ ನನ್ನ ಹಿಂದೆ ನಿಂತು ನೋಡಿ, "ಇದರಲ್ಲಿ ನಿಮ್ಮವ್ವ ಯಾವ ಡಬ್ಬಿ?" ಎಂದು ಕೇಳಿದರು. ಅವ್ವನೂ ಅದೇ ತೋಟದಲ್ಲಿ ಹಣ್ಣು ಕೊಯ್ಯುವವರು.

ಕನ್ನಡದ ಅಕ್ಷರಗಳನ್ನೂ ಕನ್ನಡದ ಕೀಲಿಮಣೆಯನ್ನೂ ಅಂತರಜಾಲದಿಂದ ತರಿಸಿಕೊಳ್ಳಬೇಕಿತ್ತು. ಲಿನಕ್ಸಿನಲ್ಲಿ ಇಂಥ ಸಾಮಾನು ತರುವ ಕೆಲಸಕ್ಕೆಂದೇ ಒಂದು ವ್ಯವಸ್ಥೆ ಇದೆ. ಅದನ್ನು ಪ್ಯಾಕೇಜ್ ಮ್ಯಾನೇಜರ್ ಎನ್ನುತ್ತಾರೆ. ನಾನು ಅದನ್ನು ನಮ್ಮ ತೋಟದ ಸ್ಟೋರ್ ನೋಡಿಕೊಳ್ಳುವವರಂತೆ ಎಂದುಕೊಂಡೆ. ಯಾವ ಸಾಮಾನನ್ನು ಯಾವ ಅಂಗಡಿಯಿಂದ ತರಬೇಕೆಂಬ ವಿಳಾಸಗಳ ಪಟ್ಟಿ ಅದರ ಬಳಿ ಒಂದು ಕಡತದಲ್ಲಿರುತ್ತದೆ. ಆ ಪಟ್ಟಿ ಸರಿಯಿದ್ದರೆ ಸಾಮಾನು ಬರುತ್ತದೆ. ನಾನು ಕೀಲಿಮಣೆಯನ್ನು ತರುವಂತೆ ಆಜ್ಞೆ ಕೊಟ್ಟಾಗ, ಆ ಹೆಸರಿನ ಪ್ಯಾಕೇಜು ಎಲ್ಲಿಯೂ ಸಿಗಲಿಲ್ಲವೆಂಬ ಉತ್ತರ ಬಂತು. ಫೋನಿನಲ್ಲಿ ಹುಡುಕಿದೆ. ಯಾರೋ ಒಬ್ಬರು ಇದೇ ಪ್ರಶ್ನೆ ಕೇಳಿದ್ದರು. ಇನ್ನಾರೋ ಉತ್ತರಿಸಿದ್ದರು: ನಿಮ್ಮ ಆವೃತ್ತಿ ಹಳೆಯದು, ವಿಳಾಸದ ಕಡತದಲ್ಲಿ ಹಳೆಯ ಆವೃತ್ತಿಯ ಹೆಸರಿರುವ ಕಡೆಯೆಲ್ಲ ಹೊಸದರ ಹೆಸರನ್ನು ಹಾಕಿ.

ಇಲ್ಲಿ ನಾನು ಮಾಡಿದ ತಪ್ಪನ್ನು ಹೇಳಬೇಕಾದರೆ ನಮ್ಮ ಮನೆಯ ಒಂದು ನಿಯಮವನ್ನು ಹೇಳಬೇಕು.

ಅಪ್ಪ ಹತ್ತು ವರ್ಷದವರಿದ್ದಾಗ, ಆಗಿನ ರೈಟರ್ ಒಬ್ಬರು ಹಾಜರಿ ಪುಸ್ತಕದಲ್ಲಿ ಅಜ್ಜಿಯ ಹೆಸರಿನ ಮುಂದಿದ್ದ ಗುರುತನ್ನು ಅರ್ಧ ಬ್ಲೇಡಿನಿಂದ ಕೆರೆದು ತೆಗೆದಿದ್ದರಂತೆ. ಅಜ್ಜಿ ಆ ದಿನ ಕೆಲಸಕ್ಕೆ ಬಂದಿದ್ದರು. ಕೇಳಲು ಹೋದಾಗ, "ಪುಸ್ತಕದಲ್ಲಿ ಇಲ್ಲ ಅಂದ್ರೆ ನೀನು ಬಂದಿಲ್ಲ" ಎಂಬ ಮಾತು ಬಂತು. ಕಾಗದ ಕೆರೆದ ಜಾಗದಲ್ಲಿ ತೆಳುವಾಗಿ ಬೆಳಕು ಕಾಣುತ್ತಿತ್ತೆಂದು ಅಪ್ಪ ಈಗಲೂ ಹೇಳುತ್ತಾರೆ. ತಾವು ರೈಟರ್ ಆದ ದಿನದಿಂದ ಅವರು ಒಂದು ಸಾಲನ್ನೂ ಅಳಿಸಿಲ್ಲ, ಗೀಚಿಲ್ಲ. ನನಗೆ ಅಕ್ಷರ ಕಲಿಸುವಾಗಲೂ ರಬ್ಬರ್ ಕೊಡುತ್ತಿರಲಿಲ್ಲ.

"ಅಳಿಸ್ಬಾರ್ದು ಕಣವ್ವ. ತಪ್ಪಾದ್ರೆ ಅದರ ಕೆಳ್ಗೆ ಸರಿಯಾದ್ದು ಬರಿ, ತಾರೀಕು ಹಾಕು, ಸಹಿ ಮಾಡು. ಮೇಲಿಂದು ಹಂಗೇ ಇರ್ಲಿ. ಏನಾಗಿತ್ತು ಅಂತ ನಾಳೆ ಯಾರಾದ್ರೂ ನೋಡ್ಬೇಕಲ್ಲ."

ಆದ್ದರಿಂದ ವಿಳಾಸದ ಕಡತವನ್ನು ತೆರೆದಾಗ ಹಳೆಯ ಆವೃತ್ತಿಯ ಹೆಸರನ್ನು ತೆಗೆಯಲು ನನ್ನ ಕೈ ಮುಂದಾಗಲಿಲ್ಲ. ಅದು ಸಾಹುಕಾರರ ಮನೆಯವರು ಬರೆದಿಟ್ಟದ್ದು. ನಾನು ಯಾರು ಅಳಿಸಲು? ಅಲ್ಲಿ ಒಟ್ಟು ನಾಲ್ಕು ಸಾಲುಗಳಿದ್ದವು. ಮೊದಲನೆಯ ಸಾಲಿನ ಕೆಳಗೆ ಹೊಸ ಆವೃತ್ತಿಯ ಹೆಸರಿದ್ದ ಇನ್ನೊಂದು ಸಾಲನ್ನು ಬರೆದೆ. ಉಳಿದ ಮೂರನ್ನು ಮುಟ್ಟಲಿಲ್ಲ, ಅಗತ್ಯಕ್ಕಿಂತ ಹೆಚ್ಚು ಬದಲಿಸುವುದು ಸರಿಯಲ್ಲವೆಂದು ತೋರಿತು. ನಾನು ಬರೆದ ಸಾಲಿನ ಕೆಳಗೆ ಆ ದಿನದ ತಾರೀಕನ್ನೂ ನನ್ನ ಹೆಸರಿನ ಮೊದಲಕ್ಷರಗಳನ್ನೂ ಹಾಕಿದೆ. ಆಗ ನನಗೆ ಬಹಳ ಸರಿಯಾಗಿ ನಡೆದುಕೊಂಡ ಸಮಾಧಾನವಿತ್ತು.

ಪಟ್ಟಿಯನ್ನು ಓದಲಾಗುತ್ತಿಲ್ಲ, ಮೂರನೆಯ ಸಾಲು ಸರಿಯಾದ ರೂಪದಲ್ಲಿಲ್ಲ ಎಂದು ಯಂತ್ರ ತಕ್ಷಣ ತಿಳಿಸಿತು. ಮೂರನೆಯದು ನನ್ನ ಸಹಿಯ ಸಾಲು. ಬಹಳ ಹೊತ್ತು ಯೋಚಿಸಿ, ಸಹಿಯನ್ನು ನನ್ನ ನೋಟುಪುಸ್ತಕಕ್ಕೆ ವರ್ಗಾಯಿಸಿ, ಕಡತದಿಂದ ತೆಗೆದೆ. ನನ್ನದೇ ಸಹಿಯನ್ನು ನಾನು ತೆಗೆದರೆ ಅದು ಅಳಿಸಿದಂತಾಗುತ್ತದೆಯೇ ಎಂದು ಅಪ್ಪನನ್ನು ಕೇಳಲಿಲ್ಲ.

ಬುಧವಾರ ಮತ್ತೆ ಆಜ್ಞೆ ಕೊಟ್ಟೆ. ಈ ಸಲ ಪ್ಯಾಕೇಜು ಸಿಕ್ಕಿತು. ನಾನು ಕೇಳಿದ್ದು ಒಂದು ಕೀಲಿಮಣೆ. ಅದರೊಂದಿಗೆ ಬೇರೆ ಬೇರೆ ಹೆಸರಿನ ಅನೇಕ ಸಾಮಾನುಗಳು ಬರತೊಡಗಿದವು. ಆಫೀಸಿನಲ್ಲಿ ಸಿಗ್ನಲ್ ಸಿಗುವುದು ಕಿಟಕಿಯ ಬಳಿ ಮಾತ್ರ. ಅಲ್ಲಿನ ಸರಳಿಗೆ ಒಂದು ಬಟ್ಟೆಯ ಚೀಲ ಕಟ್ಟಿ, ಅದರೊಳಗೆ ಫೋನನ್ನು ಇಳಿಬಿಟ್ಟು ನೆಟ್ ಕೊಟ್ಟಿದ್ದೆ. ಪರದೆಯ ಮೇಲೆ ಸಾಲುಗಳು ಓಡುತ್ತಿದ್ದವು. ಮುಕ್ಕಾಲು ಭಾಗ ಮುಗಿಯಿತೆನ್ನುವಾಗ ಎಲ್ಲಿಯೋ ಒಂದು ಸಿಲ್ವರ್ ಮರದ ಕೊಂಬೆ ತಂತಿಯ ಮೇಲೆ ಬಿದ್ದು ಕರೆಂಟು ಹೋಯಿತು. ಯುಪಿಎಸ್ ಎಂಬ ಪೆಟ್ಟಿಗೆ ಮೇಜಿನ ಕೆಳಗೆ ಇತ್ತು, ಆದರೆ ಅದರ ಬ್ಯಾಟರಿ ಸತ್ತು ಎಷ್ಟು ಕಾಲವಾಗಿತ್ತೋ ಯಾರಿಗೂ ತಿಳಿದಿರಲಿಲ್ಲ.

ಮಧ್ಯಾಹ್ನ ಕರೆಂಟು ಬಂತು. ಕಂಪ್ಯೂಟರು ಎದ್ದಿತು, ಆದರೆ ಮೊದಲಿನಂತೆ ಏಳಲಿಲ್ಲ. ಲೆಕ್ಕದ ಹಾಳೆಯ ತಂತ್ರಾಂಶವನ್ನು ಒತ್ತಿದರೆ ಒಂದು ಕ್ಷಣ ಕಾಣಿಸಿಕೊಂಡು ಮಾಯವಾಗುತ್ತಿತ್ತು. ಪ್ರಿಂಟರಿನ ಹೆಸರೇ ಕಾಣುತ್ತಿರಲಿಲ್ಲ. ಬೆಳಿಗ್ಗೆಯವರೆಗೆ ಇಂಗ್ಲಿಷಿನಲ್ಲಾದರೂ ಕೆಲಸ ಮಾಡುತ್ತಿದ್ದುದು ನನ್ನಿಂದಾಗಿ ಈಗ ಏನೂ ಮಾಡದಂತಾಗಿತ್ತು.

ಗುರುವಾರವಿಡೀ ಏನಾಯಿತೆಂಬುದೇ ನನಗೆ ಗೊಂದಲ. ಕೆಲಸ ಅರ್ಧಕ್ಕೆ ನಿಂತಿದೆ, ಇಂಥ ಆಜ್ಞೆಯನ್ನು ಕೊಡಿ ಎಂದು ಯಂತ್ರ ಹೇಳುತ್ತಿತ್ತು. ಕೊಟ್ಟರೆ, ಒಂದು ಪ್ಯಾಕೇಜಿಗೆ ಇನ್ನೊಂದು ಬೇಕು, ಆ ಇನ್ನೊಂದರ ಆವೃತ್ತಿ ಹೊಂದುತ್ತಿಲ್ಲ ಎನ್ನುತ್ತಿತ್ತು. ಅದನ್ನು ತರಿಸಲು ಹೋದರೆ ಮುರಿದ ಪ್ಯಾಕೇಜುಗಳಿವೆ, ಮೊದಲು ಅವನ್ನು ಸರಿಪಡಿಸಿ ಎನ್ನುತ್ತಿತ್ತು. ಸರಿಪಡಿಸುವ ಆಜ್ಞೆಯೂ ಒಂದಿತ್ತು. ಅದನ್ನು ಕೊಟ್ಟಾಗ, 'ಕೆಳಗಿನವುಗಳನ್ನು ತೆಗೆದುಹಾಕಲಾಗುವುದು' ಎಂಬ ಅರ್ಥದ ಒಂದು ಸಾಲು, ಅದರ ಕೆಳಗೆ ಪರದೆ ತುಂಬಿ ಮೇಲಕ್ಕೆ ಹರಿದುಹೋಗುವಷ್ಟು ಹೆಸರುಗಳು. ಲೆಕ್ಕದ ಹಾಳೆಯ ಹೆಸರೂ ಅದರಲ್ಲಿತ್ತು, ಪ್ರಿಂಟರಿನದೂ ಇತ್ತು. ಕೊನೆಯಲ್ಲಿ ಪ್ರಶ್ನೆ: ಮುಂದುವರಿಯಬೇಕೇ, ಹೌದಾದರೆ ವೈ, ಬೇಡವಾದರೆ ಎನ್?

ಆ ಪಟ್ಟಿಯನ್ನು ನೋಡಿ ನನಗೆ ಕೆರೆದ ಕಾಗದದ ನೆನಪಾಯಿತು. ಎನ್ ಒತ್ತಿದೆ. ಮತ್ತೆ ಅದೇ ಆಜ್ಞೆ ಕೊಟ್ಟೆ, ಮತ್ತೆ ಅದೇ ಪಟ್ಟಿ ಬಂತು, ಮತ್ತೆ ಎನ್ ಒತ್ತಿದೆ. ಎಷ್ಟು ಸಲವೆಂದು ನೆನಪಿಲ್ಲ.

ಸಂಜೆ ಅವ್ವ ತೋಟದಿಂದ ಬಂದು ಬಾಗಿಲಲ್ಲಿ ನಿಂತು ಕೇಳಿದರು.

"ಆಯ್ತೇನೇ?"

"ಇನ್ನೂ ಸ್ವಲ್ಪ ಇದೆ ಅವ್ವ."

"ನಿನ್ನೆನೂ ಸ್ವಲ್ಪ ಅಂದೆ. ಡಬ್ಬಿಗಳನ್ನೆಲ್ಲಾ ಕಟ್ಟಿಡ್ಲಾ ಹೆಂಗೆ, ಮನೆ ಖಾಲಿ ಮಾಡೋಕೆ?"

ಅವರು ತಮಾಷೆಗೆ ಹೇಳಿದರು. ಆದರೆ ಮನೆಗೆ ಹೋದಾಗ ಅಟ್ಟದ ಮೇಲಿದ್ದ ಎರಡು ಗೋಣಿಚೀಲಗಳು ಕೆಳಗಿಳಿದಿದ್ದವು.

ಶುಕ್ರವಾರ ಬೆಳಗಿನ ಬಸ್ಸಿಗೆ ಗೋಣಿಕೊಪ್ಪಲಿಗೆ ಹೋದೆ. ನಮ್ಮ ಕಾಲೇಜಿನ ಕಂಪ್ಯೂಟರ್ ಲ್ಯಾಬಿನ ಅಟೆಂಡರ್ ಒಬ್ಬರಿದ್ದರು. ಮನೆಯಲ್ಲಿ ಮಲಯಾಳ ಮಾತನಾಡುವವರು. ವಿದ್ಯಾರ್ಥಿಗಳೆಲ್ಲ ಅವರನ್ನು ಅಕ್ಕ ಎಂಬರ್ಥದಲ್ಲಿ 'ಚೇಚಿ' ಎಂದು ಕರೆಯುತ್ತಿದ್ದೆವು. ಲ್ಯಾಬಿನ ಯಂತ್ರಗಳೂ ಲಿನಕ್ಸಿನವು. ಕೆಟ್ಟಾಗ ಉಪನ್ಯಾಸಕರು ಮೊದಲು ಕೂಗುತ್ತಿದ್ದುದು ಅವರನ್ನೇ. ಚೇಚಿ ಬೆಂಚಿನ ಮೇಲೆ ಕುಳಿತು ಬುತ್ತಿ ಬಿಚ್ಚುತ್ತಿದ್ದರು.

"ಎಂತ ಮೋಳೇ, ಪಾಸಾದ್ಮೇಲೆ ಈಗ ಲ್ಯಾಬ್ ನೆನಪಾಯ್ತಾ?"

ಮಗಳೇ ಎನ್ನುವುದಕ್ಕೆ ಅವರು ಮೋಳೇ ಎನ್ನುತ್ತಿದ್ದರು. ನಾನು ನೋಟುಪುಸ್ತಕವನ್ನು ಮುಂದಿಟ್ಟೆ. ವಿಳಾಸದ ಕಡತವನ್ನೂ ಯಂತ್ರ ಹೇಳಿದ ತಪ್ಪುಗಳನ್ನೂ ಅಕ್ಷರ ಬಿಡದೆ ನಕಲು ಮಾಡಿಕೊಂಡಿದ್ದೆ.

"ಇದೆಂತದು? ಕಂಪ್ಯೂಟರ್ ಫೈಲನ್ನು ಕೈಯಲ್ಲಿ ಬರ್ಕೊಂಡು ಬಂದದ್ದಾ? ಫೋನಿಲ್ವಾ ನಿಂಗೆ?"

"ಫೋಟೋದಲ್ಲಿ ಪಟ್ಟೆ ಪಟ್ಟೆ ಬಂತು ಚೇಚಿ. ತಪ್ಪಾಗ್ಬಾರ್ದು ಅಂತ ಬರ್ಕೊಂಡೆ."

ಅವರು ಒಂದು ಕೈಯಲ್ಲಿ ತುತ್ತು ಹಿಡಿದು, ಇನ್ನೊಂದು ಕೈಯ ಬೆರಳಿನಿಂದ ಸಾಲುಗಳನ್ನು ಹಿಡಿದುಕೊಂಡು ಹೋದರು. ಒಂದೆಡೆ ಬೆರಳು ನಿಂತಿತು.

"ಇದು ಯಾರ ಸಹಿ?"

"ನಂದು."

"ಸಹಿ ಯಾಕೆ? ಇದೆಂತ ಬ್ಯಾಂಕಾ?" ಎಂದು ನಕ್ಕರು. ಆಮೇಲೆ ಮತ್ತೆ ಮೇಲಿನಿಂದ ಓದಿ, ನಗು ನಿಲ್ಲಿಸಿ ಕೇಳಿದರು. "ಅಲ್ಲ, ಹಳೇದೂ ಉಂಟು, ಹೊಸದೂ ಉಂಟು. ನೀನು ಹಳೇದನ್ನು ತೆಗ್ದೇ ಇಲ್ವಾ?"

"ಇಲ್ಲ ಚೇಚಿ. ಕೆಳಗಿಂದು ಸರಿಯಾದ್ದು. ಮೇಲಿಂದು ಹಾಗೇ ಇಟ್ಟೆ."

"ಅದಕ್ಕೆ ಹೇಗೆ ಗೊತ್ತಾಗೋದು ಕೆಳಗಿಂದು ಸರಿ ಅಂತ? ಅದು ಎರಡು ಅಂಗಡಿಗೂ ಹೋಗ್ತದೆ. ಬೋಲ್ಟ್ ಹೊಸ ಅಂಗಡಿಯಿಂದ ತಂತು, ನಟ್ ಹಳೇ ಅಂಗಡಿದು. ಕೂತ್ಕೊಳ್ತದಾ? ಮತ್ತೆ ಕರೆಂಟೂ ಹೋಯ್ತು ಅಂತೀಯ. ನಾಲ್ಕು ಸಾಲೂ ಹೊಸದೇ ಬೇಕು. ಹಳೇ ನಾಲ್ಕನ್ನೂ ಅಳಿಸಿ ಬಿಡು."

"ಅಳಿಸದೆ ಆಗೋದಿಲ್ವಾ ಚೇಚಿ?"

ಅವರು ನನ್ನ ಮುಖವನ್ನು ನೋಡಿದರು. "ಯಾಕೆ? ಅದೆಂತ ನಿನ್ನ ಅಜ್ಜಂದಾ?"

ಅಜ್ಜಿಯದು ಎನ್ನಬೇಕೆಂದು ಬಾಯಿಗೆ ಬಂತು. ನನ್ನ ಕಣ್ಣಿನಲ್ಲಿ ಅವರಿಗೆ ಏನು ಕಂಡಿತೋ, ಪೆನ್ನು ತೆಗೆದುಕೊಂಡು ನೋಟುಪುಸ್ತಕದಲ್ಲಿ ಹಳೆಯ ಸಾಲಿನ ಮೊದಲಿಗೆ ಎರಡು ಅಡ್ಡಗೆರೆ, ಎರಡು ಉದ್ದಗೆರೆ ಎಳೆದರು. ಫೋನಿನಲ್ಲಿ ಸೊನ್ನೆಯ ಪಕ್ಕದಲ್ಲಿರುವ ಗುರುತು ಅದು.

"ಹ್ಯಾಶ್. ಸಾಲಿನ ಮೊದಲಿಗೆ ಇದನ್ನು ಹಾಕು. ಹಾಕಿದ ಸಾಲನ್ನು ಮೆಷಿನ್ ಓದೋದಿಲ್ಲ, ದಾಟ್ಕೊಂಡು ಹೋಗ್ತದೆ. ಸಾಲು ಅಲ್ಲೇ ಇರ್ತದೆ, ಮನುಷ್ಯರು ಓದ್ಬಹುದು. ನಿನ್ನ ತಾರೀಕು, ಸಹಿ ಎಲ್ಲಾ ಇದಾದ್ಮೇಲೆ ಹಾಕ್ಕೊ. ಬೇಕಾದ್ರೆ ಫೋಟೋನೂ ಅಂಟಿಸು."

ಯಂತ್ರವನ್ನು ಸರಿಪಡಿಸಿ ಕನ್ನಡದ ಅಕ್ಷರಗಳನ್ನೂ ಕೀಲಿಮಣೆಯನ್ನೂ ತರಿಸಲು ಮುಂದೆ ಕೊಡಬೇಕಾದ ನಾಲ್ಕು ಆಜ್ಞೆಗಳನ್ನು ಅವರೇ ಬರೆದುಕೊಟ್ಟರು. ಹೊರಡುವಾಗ ಒಂದು ಎಚ್ಚರಿಕೆಯನ್ನೂ ಹೇಳಿದರು. "ತೆಗೆಯೋ ಪಟ್ಟಿ ಬರ್ತದಲ್ಲ, ಅದನ್ನು ನೋಡದೆ ವೈ ಒತ್ಬೇಡ. ಬೇಕಾದ್ದು ಅದರಲ್ಲಿದ್ರೆ ನಿಲ್ಲಿಸಿ ನಂಗೆ ಫೋನ್ ಮಾಡು. ಇನ್ನೊಂದು, ಅಪ್ಪನ ಕೈ ನಡುಗ್ತದೆ ಅಂದ್ಯಲ್ಲ, ಒಂದೇ ಅಕ್ಷರ ಎರಡೆರಡು ಸಲ ಬೀಳದ ಹಾಗೆ ಕೀಬೋರ್ಡಿಗೆ ಒಂದು ಸೆಟ್ಟಿಂಗ್ ಉಂಟು. ಅದನ್ನು ಆಮೇಲೆ ಹೇಳ್ತೇನೆ. ಮೊದಲು ಇದು ಏಳಲಿ."

ಬೇಕಾದದ್ದು ಯಾವುದು, ಬೇಡದ್ದು ಯಾವುದು ಎಂದು ನನಗೆ ತಿಳಿಯುವುದು ಹೇಗೆ ಎಂಬ ಪ್ರಶ್ನೆ ಬಸ್ಸು ಹತ್ತಿದ ಮೇಲೆ ಹೊಳೆಯಿತು.

ಶನಿವಾರ ತಂತಿ ಕೆಲಸ ಇಲ್ಲ, ಕರೆಂಟು ತೆಗೆಯುವುದಿಲ್ಲವೆಂದು ಅಪ್ಪ ಲೈನ್‌ಮ್ಯಾನ್ ಬಳಿ ಕೇಳಿಕೊಂಡು ಬಂದಿದ್ದರು. ಹಾಜರಿ ಮುಗಿಸಿ ಬಂದು ನನ್ನ ಪಕ್ಕದಲ್ಲಿ ಸ್ಟೂಲು ಹಾಕಿಕೊಂಡು ಕುಳಿತರು. ನಾನು ಕಡತ ತೆರೆದು, ಹಳೆಯ ಸಾಲುಗಳನ್ನು ತೋರಿಸಿ, ಏನು ಮಾಡಿದ್ದೆ, ಏನಾಯಿತು ಎಂದು ಮೊದಲ ಬಾರಿಗೆ ಪೂರ್ತಿಯಾಗಿ ಹೇಳಿದೆ. ಬೈಯುತ್ತಾರೆಂದು ಕಾದೆ. ಅವರು ಕನ್ನಡಕ ಸರಿಪಡಿಸಿಕೊಂಡು ಪರದೆಗೆ ಬಾಗಿದರು.

"ನನ್ ಪುಸ್ತಕ ನಾನು ಓದ್ತೀನಿ, ಸರಿ. ಕೆಳಗಿನ ಸಾಲು ತಗೋಬೇಕು ಅಂತ ನಂಗೊತ್ತು. ಇದಕ್ಕೆ ಯಾರು ಹೇಳ್ಕೊಟ್ಟಿದ್ರು? ಎರಡೂ ಓದ್‌ಬುಡ್ತು, ಪಾಪ."

ನಾನು ಒಂದೊಂದೇ ಹಳೆಯ ಸಾಲಿನ ಮೊದಲಿಗೆ ಆ ಗುರುತನ್ನು ಹಾಕಿದೆ. ಸಾಲಿನ ಬಣ್ಣ ಮಸುಕಾಯಿತು, ಆದರೆ ಅಕ್ಷರಗಳು ಅಲ್ಲೇ ಇದ್ದವು. ಕೆಳಗೆ ಹೊಸ ಸಾಲುಗಳನ್ನು ಬರೆದೆ. ಅಪ್ಪ "ತಾರೀಕು ಹಾಕ್ಲಿಲ್ಲ" ಎಂದರು. ಇನ್ನೊಂದು ಗುರುತು ಹಾಕಿ, ಅದಾದ ಮೇಲೆ ತಾರೀಕನ್ನೂ ಬರೆದೆ.

ಮೊದಲಿನ ಮೂರು ಆಜ್ಞೆಗಳನ್ನು ಯಂತ್ರ ದೂರು ಹೇಳದೆ ನಡೆಸಿತು. ನನ್ನ ಫೋನಿನ ಆ ದಿನದ ನೆಟ್ ಮುಗಿಯಿತು, ಅಪ್ಪನದನ್ನು ಚೀಲಕ್ಕೆ ಹಾಕಿದೆವು. ಅದೂ ಮುಗಿಯುತ್ತ ಬಂದಾಗ ಅವ್ವ ಕೆಲಸದ ನಡುವೆ ಬಂದು ತಮ್ಮದನ್ನು ಕೊಟ್ಟು, "ಇದರಲ್ಲಿ ಎಷ್ಟೈತೋ ಹಿಂಡ್ಕಳಿ" ಎಂದು ಹೇಳಿ ಓಡಿದರು. ನಾಲ್ಕನೆಯ ಆಜ್ಞೆ ಕೊಟ್ಟಾಗ ಮತ್ತೆ ಆ ಸಾಲು ಬಂತು: ಕೆಳಗಿನವುಗಳನ್ನು ತೆಗೆದುಹಾಕಲಾಗುವುದು. ಈ ಸಲ ಹನ್ನೊಂದು ಹೆಸರುಗಳು. ಲೆಕ್ಕದ ಹಾಳೆ ಅದರಲ್ಲಿರಲಿಲ್ಲ. ಆದರೆ ಉಳಿದವು ಏನೆಂದು ನನಗೆ ಗೊತ್ತಿರಲಿಲ್ಲ. ಅವು ಇಂಗ್ಲಿಷ್ ಪದಗಳೂ ಅಲ್ಲ, ಅಕ್ಷರ ಮತ್ತು ಅಂಕಿಗಳನ್ನು ಒಟ್ಟಿಗೆ ಕಟ್ಟಿದ ಹಾಗಿದ್ದವು. ಚೇಚಿಗೆ ಫೋನ್ ಮಾಡಿದೆ. ಎತ್ತಲಿಲ್ಲ. ಮತ್ತೆ ಮಾಡಿದೆ. ಮಧ್ಯಾಹ್ನದ ಲ್ಯಾಬಿನ ಹೊತ್ತು ಅದು.

"ಏನಂತೆ?" ಎಂದರು ಅಪ್ಪ.

"ಇವನ್ನ ತೆಗೀತದಂತೆ. ತೆಗೀಬಹುದಾ ಗೊತ್ತಿಲ್ಲಪ್ಪ. ಒಂದು ಬೇಕಾದ್ದು ಹೋದ್ರೆ ಮತ್ತೆ ಎಲ್ಲಾ ಬಿದ್ದೋಗ್ತದೆ."

ಅಪ್ಪ ಪರದೆಯನ್ನು ಬಹಳ ಹೊತ್ತು ನೋಡಿದರು. ಅವರಿಗೆ ಇಂಗ್ಲಿಷ್ ಓದಲು ಬರುವುದು ಅಷ್ಟಕ್ಕಷ್ಟೆ. ಆದರೆ ಮೇಸ್ತ್ರಿಯಾಗಿ, ರೈಟರಾಗಿ ಮೂವತ್ತು ವರ್ಷ ಹಾಜರಿ ನೋಡಿದ ಕಣ್ಣು ಅದು.

"ಬಿಟ್ಟೋಗೋರ ಪಟ್ಟಿ ಇದು. ಹೊಸಬರ ಪಟ್ಟಿ ಎಲ್ಲಿ?"

ಅದು ಕೆಳಗಿತ್ತು, 'ಹೊಸದಾಗಿ ಹಾಕಲಾಗುವುದು' ಎಂಬ ಸಾಲಿನಡಿ.

"ಬದಲಿ ಆಳು ಬಂದವ್ರಾ ನೋಡು. ಒಬ್ರು ಬರಕ್ಕಾಗ್ದಿದ್ರೆ ಮನೆಯಿಂದ ಇನ್ನೊಬ್ರನ್ನ ಕಳಿಸ್ತಾರಲ್ಲ, ಮನೆ ಹೆಸರು ಒಂದೇ ಇರ್ತದೆ, ಆಳು ಬೇರೆ. ಇಲ್ಲಿ ನೋಡು, ಈ ಅಕ್ಷರ ಎಲ್ಲಾ ಅದೇ. ಬಾಲದಲ್ಲಿ ಇಲ್ಲಿ ನಾಕು, ಅಲ್ಲಿ ಐದು."

ಅವರ ನಡುಗುವ ಬೆರಳು ಮೇಲಿನ ಪಟ್ಟಿಯ ಒಂದು ಹೆಸರಿನಿಂದ ಕೆಳಗಿನ ಪಟ್ಟಿಯ ಇನ್ನೊಂದಕ್ಕೆ ಹೋಯಿತು. ಹೌದು, ಹೆಸರು ಒಂದೇ, ಕೊನೆಯ ಅಂಕಿ ಮಾತ್ರ ಬೇರೆ. ನಾನು ಎಲ್ಲವನ್ನೂ ನೋಟುಪುಸ್ತಕದಲ್ಲಿ ಬರೆದುಕೊಂಡೆ. ಎಡಕ್ಕೆ ಹೋಗುವವು, ಬಲಕ್ಕೆ ಬರುವವು. ಅಪ್ಪ ಹಾಜರಿ ಕೂಗುವ ದನಿಯಲ್ಲಿ ಅಂಕಿ ಹೇಳಿದರು, ನಾನು ಗೆರೆ ಎಳೆದೆ. ಹತ್ತಕ್ಕೆ ಬದಲಿ ಸಿಕ್ಕಿತು. ಹನ್ನೊಂದನೆಯದಕ್ಕೆ ಸಿಗಲಿಲ್ಲ.

"ಇವ್ರು ಯಾರು?"

"ಗೊತ್ತಿಲ್ಲ."

"ಇಷ್ಟು ದಿನ ಇದ್ರಾ?"

"ಇದ್ರೇನೋ. ಗೊತ್ತಿಲ್ಲಪ್ಪ."

ಹೊರಗೆ ಕಣದಲ್ಲಿ ಯಾರೋ ಪೊರಕೆಯಿಂದ ಎಲೆ ಗುಡಿಸುತ್ತಿದ್ದರು. ಸೋಮವಾರದ ಹಣ್ಣನ್ನು ಹರವಲು ಜಾಗ ಮಾಡುತ್ತಿದ್ದರು. ಅಪ್ಪ ಆ ಹನ್ನೊಂದನೆಯ ಹೆಸರನ್ನು ನನ್ನಿಂದ ಪುಸ್ತಕದಲ್ಲಿ ಬೇರೆಯಾಗಿ ಬರೆಸಿ, ಪಕ್ಕದಲ್ಲಿ ತಾರೀಕು ಹಾಕಿಸಿದರು. "ನಾಳೆ ಬಂದು ಕೇಳಿದ್ರೆ ಹೇಳಕ್ಕೆ ಇರ್ಲಿ. ಒತ್ತು" ಎಂದರು.

ವೈ ಒತ್ತಿದೆ.

ಮುಗಿಯಲು ಮೂರು ಗಂಟೆಗಿಂತ ಹೆಚ್ಚು ಹಿಡಿಯಿತು. ಮುಗಿದ ಮೇಲೆ ಕಂಪ್ಯೂಟರನ್ನು ಆರಿಸಿ ಹಚ್ಚಿದಾಗ ಲೆಕ್ಕದ ಹಾಳೆ ತೆರೆಯಿತು, ಪ್ರಿಂಟರಿನ ಹೆಸರೂ ಬಂತು. ಕೀಲಿಮಣೆಯನ್ನು ಕನ್ನಡಕ್ಕೆ ತಿರುಗಿಸಿ ಅವ್ವನ ಹೆಸರನ್ನು ಬರೆದೆ. ಚೌಕಗಳು ಬರಲಿಲ್ಲ, ಅಕ್ಷರಗಳೇ ಬಂದವು. ಅಪ್ಪ ಎದ್ದು ಕಿಟಕಿಯ ಬಳಿ ಹೋಗಿ, ಚೀಲದಿಂದ ಅವ್ವನ ಫೋನನ್ನು ತೆಗೆದು, ಅದನ್ನು ಅಂಗಿಯ ತುದಿಯಿಂದ ಒರೆಸುತ್ತಾ ನಿಂತರು. ಅದು ಒದ್ದೆಯಾಗಿರಲಿಲ್ಲ.

ಸಂಜೆ ಚೇಚಿಯೇ ಫೋನ್ ಮಾಡಿದರು. ಕೀಬೋರ್ಡಿನ ಆ ಸೆಟ್ಟಿಂಗನ್ನು ಹೇಳಿಕೊಟ್ಟರು. ಹನ್ನೊಂದನೆಯ ಹೆಸರಿನ ಬಗ್ಗೆ ಕೇಳಿದೆ. "ಕೆಲಸ ಮಾಡ್ತದಲ್ಲ, ಮತ್ತೆಂತ ಬೇಕು ನಿಂಗೆ?" ಎಂದರು. ಅದು ಏನಾಗಿತ್ತೆಂದು ನನಗೆ ಇವತ್ತಿಗೂ ತಿಳಿದಿಲ್ಲ. ಕೆಲವೊಮ್ಮೆ ಕಂಪ್ಯೂಟರು ನಿಧಾನವಾದಾಗ ಅದರಿಂದಲೇ ಇರಬಹುದೇ ಎಂದು ಯೋಚನೆಯಾಗುತ್ತದೆ.

ಭಾನುವಾರ ಅಪ್ಪ ಎಡಗೈಯ ತೋರುಬೆರಳೊಂದರಿಂದಲೇ ಹೆಸರುಗಳನ್ನು ಬರೆದರು. ಪುಸ್ತಕಕ್ಕೂ ಪರದೆಗೂ ಕಣ್ಣು ಓಡಾಡಿ ಸಾಲು ತಪ್ಪುತ್ತಿದ್ದುದರಿಂದ ಅವ್ವ ಪಕ್ಕದಲ್ಲಿ ಕುಳಿತು ಹೆಸರು ಹೇಳಿದರು. ಅವ್ವ ಓದಿದ್ದು ನಾಲ್ಕನೆಯ ತರಗತಿ. ಪುಸ್ತಕ ನೋಡದೆಯೇ ಲೈನ್ ಮನೆಗಳ ಸಾಲಿನ ಕ್ರಮದಲ್ಲಿ ಎಲ್ಲರ ಹೆಸರನ್ನೂ ಹೇಳಿದರು. ಅಪ್ಪ ಒಂದು ಹೆಸರಿನಲ್ಲಿ ಒತ್ತಕ್ಷರ ಬಿಟ್ಟಾಗ, "ಅವಳು ನೋಡಿದ್ರೆ ಗೋಡೆ ಮುಂದೆನೇ ಜಗಳ ತೆಗೀತಾಳೆ, ಸರಿ ಮಾಡಿ" ಎಂದರು. ಅಪ್ಪ ಸರಿ ಮಾಡಿದರು. ಅಳಿಸುವ ಕೀಲಿಯನ್ನು ಅವರು ಒತ್ತಿದ್ದು ಅದೇ ಮೊದಲು. ಒತ್ತಿದ ಮೇಲೆ ನನ್ನ ಕಡೆ ನೋಡಿದರು.

ಸೋಮವಾರ ಸಾಹುಕಾರರು ಗೋಡೆಯ ಮುಂದೆ ನಿಂತು ಹಾಳೆಯನ್ನು ಮೇಲಿನಿಂದ ಕೆಳಗೆ ಓದಿದರು. "ರೈಟ್ರೇ, ಈಗ ಒಂದು ಒಂದೇ, ಏಳು ಏಳೇ" ಎಂದು ಹೇಳಿ ಜೀಪು ಹತ್ತಿದರು. ವಿರಾಜಪೇಟೆಯಿಂದ ಯಾರೂ ಬರಲಿಲ್ಲ.

ಅನಂತರ ನಮ್ಮ ಮನೆಯಲ್ಲಿ ಬದಲಾದದ್ದು ಇಷ್ಟು. ಅಪ್ಪ ರೈಟರ್ ಆಗಿಯೇ ಉಳಿದರು. ನಾವು ಕ್ವಾರ್ಟರ್ಸಿನಲ್ಲಿಯೇ ಇದ್ದೇವೆ. ಗೋಣಿಚೀಲಗಳು ಅಟ್ಟಕ್ಕೆ ಹೋದವು. ಅವ್ವ ಬೆಳಗಿನ ಒಂದು ಗಂಟೆ ಆಫೀಸಿನಲ್ಲಿ ಕುಳಿತು ಹೆಸರು ಹೇಳುತ್ತಾರೆ. ಆ ಒಂದು ಗಂಟೆಯನ್ನು ಸಾಹುಕಾರರು ಅವರ ಕೆಲಸದ ಹೊತ್ತೆಂದೇ ಒಪ್ಪಿದ್ದಾರೆ, ಆದ್ದರಿಂದ ಅವರು ಈಗ ಇತರರಿಗಿಂತ ತಡವಾಗಿ ತೋಟಕ್ಕೆ ಇಳಿಯುತ್ತಾರೆ. ಮಳೆಯ ಪುಸ್ತಕವನ್ನು ಮಾತ್ರ ಅಪ್ಪ ಕೈಯಲ್ಲೇ ಬರೆಯುತ್ತಾರೆ. ತಪ್ಪಾದ ಸಾಲಿನ ಅಂಚಿಗೆ ಎರಡು ಅಡ್ಡಗೆರೆ, ಎರಡು ಉದ್ದಗೆರೆ ಎಳೆದು, ಕೆಳಗೆ ಸರಿಯಾದದ್ದನ್ನು ಬರೆದು ಸಹಿ ಮಾಡುತ್ತಾರೆ. ಗೆರೆಗಳು ನಡುಗಿರುತ್ತವೆ, ಆದರೆ ಏನೆಂದು ತಿಳಿಯುತ್ತದೆ. ನಾನು ಕಂಪ್ಯೂಟರ್ ಓದಿದವಳಲ್ಲ, ಒಂದೇ ಪತ್ರಿಕೆ ಓದಿದವಳು ಎಂಬುದನ್ನು ಆ ವಾರದ ಕೊನೆಯಲ್ಲಿ ಅಪ್ಪನಿಗೆ ಹೇಳಿದೆ. ಈಗ ಯಾರಾದರೂ ಕೇಳಿದರೆ ಅವರು, "ನಮ್ ಮಗಳು ಬಿ.ಕಾಂ. ಮಾಡವ್ಳೆ" ಎಂದಷ್ಟೇ ಹೇಳುತ್ತಾರೆ.